ನಂಬರ್ ಇಲ್ಲದ್ದೆಲ್ಲ ನನ್ನದು

ಅತ್ತಿಗೆ ಮತ್ತೆ ಮದುವೆಯಾಗುತ್ತೇನೆ ಅಂದಾಗ ನಮ್ಮ ಮನೆಯಲ್ಲಿ ಯಾರೂ ಅಷ್ಟಾಗಿ ಕೂಗಾಡಲಿಲ್ಲ. ಮದುವೆಯಾಗಿ ಪರದೇಶಕ್ಕೆ ಹೋಗುತ್ತೇನೆ ಅಂದಾಗಲೂ ಅವಳ ಮಗ ಕೆಲವು ದಿನ ಮುಖ ಗಂಟು ಹಾಕಿಕೊಂಡು ಓಡಾಡಿ, ಆಮೇಲೆ ಎಷ್ಟು ದೊಡ್ಡ ಸೂಟ್‌ಕೇಸು ಬೇಕು ಅಂತ ತಾನೇ ಕೇಳಿದ್ದ. ಕಪ್ಪೆಯೂ ನನ್ನ ಜೊತೆ ಬರುತ್ತೆ ಅಂತ ಅತ್ತಿಗೆ ಹೇಳಿದ ದಿನ ಮಾತ್ರ ಮನೆ ರಣರಂಗವಾಯಿತು.

ಕಪ್ಪೆ ಅಂದರೆ ನಮ್ಮ ಕಾರು. ಹಸಿರು ಬಣ್ಣ, ಮುಂದೆ ಉಬ್ಬಿದ ಎರಡು ಕಣ್ಣು, ಗುಂಡಗಿನ ಬೆನ್ನು, ಮೇಲೆ ಮಡಚಿ ಹಿಂದಕ್ಕೆ ಹಾಕಬಹುದಾದ ಬಟ್ಟೆಯ ಹುಡ್. ನಾನು ಹುಟ್ಟುವುದಕ್ಕೂ ಮುಂಚೆ ತಯಾರಾದದ್ದು. ಅಂಥದ್ದು ಊರಿನಲ್ಲಿ ಇನ್ನೊಂದಿರಲಿಲ್ಲ, ಹಾಗಾಗಿ ದಾರಿಯಲ್ಲಿ ಹೋದರೆ ಜನ ತಿರುಗಿ ನೋಡುತ್ತಿದ್ದರು, ನೋಡಿ 'ಟಿಕೆಟ್ ಸಾಹೇಬರ ಕಾರು' ಅನ್ನುತ್ತಿದ್ದರು. ಟಿಕೆಟ್ ಸಾಹೇಬರು ಅಂದರೆ ನನ್ನ ಅಣ್ಣ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದ. ಅವನು ತೀರಿಕೊಂಡು ಏಳೆಂಟು ವರ್ಷವಾದ ಮೇಲೂ ಜನ ಹಾಗೇ ಅನ್ನುತ್ತಿದ್ದರು, ಸ್ಟಿಯರಿಂಗ್ ಹಿಂದೆ ಕೂತವಳು ಅತ್ತಿಗೆಯಾಗಿದ್ದರೂ.

ನಿಜ ಏನು ಅಂತ ನನಗೆ ಗೊತ್ತಿತ್ತು. ಅತ್ತಿಗೆಯದು ವಾಹನಗಳ ಸೀಟು ಹೊಲಿಯುವ ಅಂಗಡಿ. ಕಾರು, ವ್ಯಾನು, ಬಸ್ಸು, ಒಂದು ಸಲ ದಂತವೈದ್ಯರ ಕುರ್ಚಿ, ಏನು ಬಂದರೂ ಬಿಚ್ಚಿ ಹೊಸದಾಗಿ ಹೊಲಿದು ಕೊಡುತ್ತಿದ್ದಳು. ಎಷ್ಟೋ ವರ್ಷದ ಹಿಂದೆ ಒಬ್ಬ ಡಾಕ್ಟರು ಈ ಕಾರನ್ನು ಹುಡ್ ಹೊಲಿಸಲು ತಂದು ಬಿಟ್ಟು ಹೋದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಹೇಳಿ ಕಳಿಸಿದರೆ, ಬೇಕಾದರೆ ನೀವೇ ಇಟ್ಟುಕೊಳ್ಳಿ ಅಂದರು. ಅಷ್ಟು ಹೊತ್ತಿಗೆ ಹಿಂದಿನ ಸೀಟಿನಲ್ಲಿ ಹುಲ್ಲು ಮೊಳೆತಿತ್ತು. ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಎಂಜಿನ್‌ಗೆ ಜೀವ ಕೊಟ್ಟ. ಉಳಿದದ್ದೆಲ್ಲ ಅತ್ತಿಗೆ ಮಾಡಿದಳು. ಗಿರಾಕಿಗಳ ಕೆಲಸ ಮುಗಿದ ಮೇಲೆ, ಒಂದೊಂದೇ ಸ್ಪ್ರಿಂಗು ಕಟ್ಟಿ, ನಾರು ತುಂಬಿ, ಚರ್ಮ ಎಳೆದು, ಬಾಗಿಲಿನ ಒಳಮೈ, ನೆಲಹಾಸು, ಹುಡ್, ಎಲ್ಲವನ್ನೂ. ಅಣ್ಣ ಬಂದು ನೋಡಿ ಶಭಾಷ್ ಅನ್ನುತ್ತಿದ್ದ. ಕಾಗದಪತ್ರ ಅವನ ಹೆಸರಿಗೆ ಆಯಿತು, ಏಕೆಂದರೆ ಆಗ ಎಲ್ಲವೂ ಗಂಡಸಿನ ಹೆಸರಿಗೇ ಆಗುತ್ತಿತ್ತು, ಯಾರೂ ಯೋಚನೆ ಕೂಡ ಮಾಡುತ್ತಿರಲಿಲ್ಲ.

ಅಣ್ಣ ಒಳ್ಳೆಯವನು. ಅವನ ಬಗ್ಗೆ ಕೆಟ್ಟದ್ದು ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಆದರೆ ಅವನಿಗೆ ಕಾರು ಓಡಿಸಲು ಬರುತ್ತಿತ್ತೇ ಹೊರತು, ನಿಂತರೆ ಮತ್ತೆ ಶುರು ಮಾಡಲು ಬರುತ್ತಿರಲಿಲ್ಲ. ಭಾನುವಾರ ಇಸ್ತ್ರಿ ಅಂಗಿ ಹಾಕಿ, ಮೊಣಕೈ ಕಿಟಕಿಯ ಹೊರಗಿಟ್ಟು ಹೊರಡುತ್ತಿದ್ದ. ಚಕ್ರ ಪಂಕ್ಚರ್ ಆದರೆ ಇಳಿದು ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡುತ್ತಿದ್ದ. ಜಾಕ್ ಹಾಕುತ್ತಿದ್ದವಳು ಅತ್ತಿಗೆ.

ಅತ್ತಿಗೆಯ ಹೊಸ ಗಂಡ, ಆಗಿನ್ನೂ ಗಂಡನಾಗಿರಲಿಲ್ಲ, ಹಡಗಿನಲ್ಲಿ ಬಾಣಸಿಗನಾಗಿದ್ದವನು. ಸಮುದ್ರದ ಆಚೆಯ ಒಂದು ಬಂದರು ಊರಿನಲ್ಲಿ ನೆಲೆ ನಿಂತು ಕ್ಯಾಂಟೀನ್ ನಡೆಸುತ್ತಿದ್ದ. ನಮ್ಮೂರಲ್ಲಿದ್ದ ತನ್ನ ಅಕ್ಕನ ಮನೆಗೆ ರಜೆಗೆ ಬಂದವನು ಅವಳ ವ್ಯಾನಿನ ಹರಿದ ಸೀಟು ಹಿಡಿದುಕೊಂಡು ಅಂಗಡಿಗೆ ಬಂದ, ಬೆಂಚಿನ ಮೇಲೆ ಕೂತ, ಮಧ್ಯಾಹ್ನ ನಮ್ಮ ಬುತ್ತಿಯಲ್ಲಿ ಒಂದು ತುತ್ತು ತಿಂದು ಉಪ್ಪು ಕಡಿಮೆ ಅಂದ. ನಿಮ್ಮ ಸೀಟಿಗೆ ನೂಲು ಕಡಿಮೆ ಆಗಬಾರದು ಅಂತಿದ್ದರೆ ಬಾಯಿ ಮುಚ್ಚಿಕೊಂಡು ಕೂತಿರಿ ಅಂದಳು ಅತ್ತಿಗೆ. ಅವನು ನಕ್ಕ. ಸೀಟು ಸಿದ್ಧವಾದ ಮೇಲೂ ಬೆಂಚು ಬಿಡಲಿಲ್ಲ. ಹಾಗೆ ಶುರುವಾದದ್ದು ಎರಡು ವರ್ಷ ಫೋನಿನಲ್ಲಿ ಬೆಳೆಯಿತು.

ಇನ್ನು ಆ ರಣರಂಗದ ದಿನಕ್ಕೆ ಬರುತ್ತೇನೆ. ಮಗ ಮೊದಲು ಸಮಾಧಾನವಾಗಿಯೇ ಮಾತಾಡಿದ. ಅಷ್ಟು ಹಳೇ ಕಾರನ್ನು ಹಡಗಿನಲ್ಲಿ ಕಳಿಸುವುದು ಹುಚ್ಚುತನ, ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತೆ, ಅಲ್ಲಿ ಬಿಡಿಭಾಗ ಸಿಗಲ್ಲ, ಅಲ್ಲಿಯ ರಸ್ತೆ ನಿಯಮವೇ ಬೇರೆ. ಅತ್ತಿಗೆ ಎಲ್ಲದಕ್ಕೂ ಒಂದೊಂದು ಉತ್ತರ ಕೊಟ್ಟಳು. ಕಾರಣಗಳೆಲ್ಲ ಮುಗಿದ ಮೇಲೆ ಅವನ ನಿಜವಾದ ಮಾತು ಹೊರಗೆ ಬಂತು.

"ಅಪ್ಪನ ಕಾರಲ್ಲಿ ಕೂತು ಇನ್ನೊಬ್ಬನ ಮನೆಗೆ ಹೋಗ್ತೀಯಾ? ನಾಚಿಕೆ ಆಗಲ್ವಾ ನಿನಗೆ?"

ಅವನ ಜೊತೆ ಬಂದಿದ್ದ ಸೊಸೆ ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿದಳು. ಅತ್ತಿಗೆ ಕೈಯಲ್ಲಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟಳು.

"ಆಗಲ್ಲ," ಅಂದಳು.

ಕಾರು ಹಡಗು ಹತ್ತಬೇಕಾದರೆ ಕಾಗದ ಅವಳ ಹೆಸರಿಗೆ ಬರಬೇಕು, ಬರಬೇಕಾದರೆ ಮಗನ ಒಪ್ಪಿಗೆಯ ಸಹಿ ಬೇಕು. ಅವನು ಹಾಕುವುದಿಲ್ಲ ಅಂದ. ಹೇಳಿ ಬಾಗಿಲು ದಡಾರನೆ ಹಾಕಿಕೊಂಡು ತನ್ನ ಮನೆಗೆ ಹೋದ. ಅವನ ಮನೆ ನಮ್ಮಲ್ಲಿಂದ ನಾಲ್ಕು ಬೀದಿ ಆಚೆ.

ಆಮೇಲೆ ಬಂಧುಗಳು ಒಬ್ಬೊಬ್ಬರಾಗಿ ಬಂದರು. ಅವರಿಗೆಲ್ಲ ಬೇಕಾದದ್ದು ನಾನು. ಸತ್ತವನ ತಂಗಿ ತಾನೇ, ನಾನು ಬೆಂಕಿ ಕಾರುತ್ತೇನೆ ಅಂತ ಅವರ ಲೆಕ್ಕ. ನಿನ್ನ ಅಣ್ಣನ ನೆನಪು ಅಂತ ಉಳಿದಿರುವುದೇ ಅದೊಂದು, ಅದನ್ನೂ ಅವಳು ಹೊತ್ತುಕೊಂಡು ಹೋದರೆ ಸುಮ್ಮನೆ ಇರ್ತೀಯಾ ಅಂತ ಚಿಕ್ಕಮ್ಮ ಕಣ್ಣೊರೆಸಿಕೊಂಡಳು. ನಮ್ಮಣ್ಣನ ನೆನಪು ನನ್ನ ಮೂಗಿನ ಮೇಲೇ ಇದೆ, ಕನ್ನಡಿ ನೋಡಿದರೆ ಸಾಕು, ಅಂದೆ ನಾನು. ನಮ್ಮಿಬ್ಬರದೂ ಒಂದೇ ಮೂಗು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಬೇರೆಯವರ ಜಗಳ ಜೋಡಿಸಿ ಕೊಟ್ಟವಳು ನಾನು. ಯಾರ ಮಾತಿನಲ್ಲಿ ದುಃಖ ಇದೆ, ಯಾರ ಮಾತಿನಲ್ಲಿ ಬರೀ ಕುತೂಹಲ ಇದೆ ಅಂತ ದನಿಯಲ್ಲೇ ಗೊತ್ತಾಗುತ್ತಿತ್ತು. ಬಂದವರಲ್ಲಿ ಒಬ್ಬರು, ಬಾವಿ ಕಪ್ಪೆ ಅಂತ ಕೇಳಿದ್ದೆವು, ಸಮುದ್ರದ ಕಪ್ಪೆ ಈಗ ನೋಡ್ತಿದ್ದೀವಿ ಅಂದರು. ಅದಕ್ಕೆ ಮಾತ್ರ ಅತ್ತಿಗೆಯೂ ನಕ್ಕಳು.

ಬಾಣಸಿಗನೂ ಫೋನ್ ಮಾಡಿ ಹಿಂಜರಿದ. ತನ್ನ ವಿಷಯಕ್ಕೆ ಮಗನ ಜೊತೆ ಜಗಳ ಬೇಡ, ಇಲ್ಲೇ ಒಂದು ಚಿಕ್ಕ ಕಾರು ತಗೊಳ್ಳೋಣ, ನಮ್ಮ ಓಣಿಯೂ ಇಕ್ಕಟ್ಟು ಅಂದ. "ಜಗಳ ನಿಮ್ಮ ವಿಷಯಕ್ಕಲ್ಲ. ನೀವು ಮಧ್ಯೆ ಬರಬೇಡಿ," ಅಂದು ಅತ್ತಿಗೆ ಫೋನು ಇಟ್ಟಳು. ಪಾಪ, ಮದುವೆಗೆ ಮೊದಲೇ ಅವನಿಗೆ ತನ್ನ ಜಾಗ ಯಾವುದು ಅಂತ ಗೊತ್ತಾಯಿತು.

ಮಾರನೆಯ ಬೆಳಿಗ್ಗೆ ನಾನು ಅಂಗಡಿಗೆ ಹೋದಾಗ ಕಪ್ಪೆ ಒಳಗೆ ನಿಂತಿತ್ತು, ಬಾಗಿಲು ನಾಲ್ಕೂ ತೆರೆದು. ಅತ್ತಿಗೆ ಹಿಂದಿನ ಸೀಟಿನ ಪಕ್ಕ ಮಂಡಿಯೂರಿ ಕೂತು ಮೊಳೆ ಕೀಳುತ್ತಿದ್ದಳು. ಬಾಯಲ್ಲಿ ನಾಲ್ಕೈದು ಮೊಳೆ ಕಚ್ಚಿಕೊಂಡಿದ್ದಳು. ಏನು ಮಾಡ್ತಿದ್ದೀಯಾ ಅಂದೆ. ಮೊಳೆಗಳನ್ನು ಅಂಗೈಗೆ ಉಗಿದಳು.

"ಕಾಗದ ಅವನ ಅಪ್ಪನ ಹೆಸರಲ್ಲಿದೆ ಅಂತಾನಲ್ಲ, ತೆಗೆದು ಓದಿದೆ. ಚಾಸಿಗೆ ನಂಬರ್ ಇದೆ. ಎಂಜಿನ್‌ಗೆ ನಂಬರ್ ಇದೆ. ಸೀಟಿಗೆ ಇಲ್ಲ, ಹುಡ್‌ಗೆ ಇಲ್ಲ. ನಂಬರ್ ಇರೋದೆಲ್ಲ ಅವನಿಗೆ. ಇಲ್ಲದ್ದೆಲ್ಲ ನನ್ನದು."

ಅವನು ನಿಜವಾಗಿಯೂ ಇಟ್ಟುಕೊಂಡುಬಿಟ್ಟರೆ ಅಂತ ಕೇಳಿದೆ. ಇಟ್ಟುಕೊಳ್ಳಲಿ, ಸೀಟು ತಗೊಂಡು ಹೋಗಿ ಅಲ್ಲಿ ಹಜಾರದಲ್ಲಿ ಹಾಕಿ ಕೂತ್ಕೋತೀನಿ ಅಂದಳು. ತಮಾಷೆ ಅಂದುಕೊಂಡು ಮುಖ ನೋಡಿದೆ. ತಮಾಷೆ ಇರಲಿಲ್ಲ. ನಾನು ಸೆರಗು ಸಿಕ್ಕಿಸಿ, ಕತ್ತರಿ ತಗೊಂಡು ಹೊಲಿಗೆ ಬಿಡಿಸಲು ಕೂತೆ.

ಒಂದು ಸೀಟು ಹೊಲಿಯುವುದಕ್ಕಿಂತ ಕೆಡದ ಹಾಗೆ ಬಿಚ್ಚುವುದು ಕಷ್ಟ. ಚರ್ಮದ ಅಂಚಿನ ಪೈಪಿಂಗ್ ಮೊದಲು, ಆಮೇಲೆ ಮೇಲುಹೊದಿಕೆ, ಆಮೇಲೆ ನಾರು, ಗೋಣಿಬಟ್ಟೆ, ಕಡೆಗೆ ಸ್ಪ್ರಿಂಗು. ಪ್ರತಿ ತುಂಡಿನ ಹಿಂದೆ ಸೀಮೆಸುಣ್ಣದಲ್ಲಿ ಅತ್ತಿಗೆಯ ಹಳೇ ಗುರುತುಗಳಿದ್ದವು, ಎಡ, ಬಲ, ಮುಂದೆ. ಸಿನಿಮಾದಲ್ಲಾದರೆ ಸೀಟಿನ ಅಡಿಯಲ್ಲಿ ಒಂದು ಪತ್ರ ಸಿಗುತ್ತಿತ್ತು. ನಮಗೆ ಸಿಕ್ಕಿದ್ದು ಧೂಳು, ಕಪ್ಪಾದ ಒಂದು ಹೇರ್‌ಪಿನ್ನು, ಯಾವ ಕಾಲದ್ದೋ ಕಡಲೆಕಾಯಿ ಸಿಪ್ಪೆ. ಎರಡು ದಿನದಲ್ಲಿ ಕಪ್ಪೆಯ ಹೊಟ್ಟೆ ಖಾಲಿಯಾಯಿತು. ಒಳಗೆ ಬರೀ ತಗಡು, ಸ್ಟಿಯರಿಂಗು, ಗೇರು, ನೆಲದಲ್ಲಿ ಬೋಲ್ಟು ಕಿತ್ತ ತೂತುಗಳು.

ಮೂರನೆಯ ದಿನ ಹಾಡಹಗಲಲ್ಲಿ ಅತ್ತಿಗೆ ಅದನ್ನು ಮಗನ ಮನೆಗೆ ಓಡಿಸಿಕೊಂಡು ಹೋದಳು. ಸೀಟು ಇಲ್ಲವಲ್ಲ, ಬಟ್ಟೆ ಥಾನು ಬಂದಿದ್ದ ಒಂದು ಮರದ ಪೆಟ್ಟಿಗೆಯನ್ನು ಬೋರಲು ಹಾಕಿ, ಹಗ್ಗದಲ್ಲಿ ನೆಲಕ್ಕೆ ಬಿಗಿದು, ಅದರ ಮೇಲೆ ಕೂತಳು. ಎತ್ತರ ಜಾಸ್ತಿಯಾಗಿ ಮುಂದಿನ ಗಾಜಿನ ಮೇಲಿಂದ ಅವಳ ತಲೆ ಕಾಣುತ್ತಿತ್ತು. ನಾನು ಹಿಂದೆ ತಗಡಿನ ಮೇಲೆ ಕಾಲು ಚಾಚಿ ಕೂತು ಎರಡೂ ಬಾಗಿಲು ಹಿಡಿದುಕೊಂಡಿದ್ದೆ. ನೆಟ್ಟಗೆ ಪೇಟೆ ಬೀದಿಯಲ್ಲೇ ಹೋದಳು, ಹಿಂದಿನ ಬೀದಿ ಇದ್ದರೂ. ತರಕಾರಿ ಅಂಗಡಿಯವನು ಇದೇನಮ್ಮ ಹೀಗೆ ಅಂತ ಕೇಳಿದ. "ಟಿಕೆಟ್ ಸಾಹೇಬರ ಕಾರು ಅಂತಿದ್ರಲ್ಲ, ನೋಡ್ಕೊಳ್ಳಿ. ಇಷ್ಟೇ ಸಾಹೇಬರದು," ಅಂದಳು. ಒಂದು ಗುಂಡಿಗೆ ಚಕ್ರ ಇಳಿದಾಗ ನನ್ನ ಬೆನ್ನುಮೂಳೆ ಎಣಿಸಿಕೊಂಡಂತಾಯಿತು. ಆದರೂ ನಿಜ ಹೇಳುತ್ತೇನೆ, ಆ ದಿನದಷ್ಟು ಖುಷಿಯಾಗಿ ನಾನು ಆ ಕಾರಿನಲ್ಲಿ ಯಾವತ್ತೂ ಕೂತಿರಲಿಲ್ಲ.

ಮಗ ಕೆಲಸಕ್ಕೆ ಹೋಗಿದ್ದ. ಗೇಟಿನ ಎದುರಿಗೇ ನಿಲ್ಲಿಸಿ, ಬೀಗದ ಕೈಯನ್ನು ಸೊಸೆಯ ಕೈಗೆ ಕೊಟ್ಟು, ನಿನ್ನ ಗಂಡನ ಅಪ್ಪನದು ಏನೇನಿತ್ತೋ ಎಲ್ಲ ತಂದು ಒಪ್ಪಿಸಿದ್ದೀನಿ ಅಂತ ಹೇಳು ಅಂದಳು. ಸೊಸೆ ತುಟಿ ಕಚ್ಚಿಕೊಂಡು ಒಳಗೆ ಹೋದಳು, ಅಳುವುದಕ್ಕೋ ನಗುವುದಕ್ಕೋ ಆಗ ಗೊತ್ತಾಗಲಿಲ್ಲ. ನಾವು ನಡೆದುಕೊಂಡು ಮನೆಗೆ ಬಂದೆವು.

ಅಂದು ಫೋನ್ ಬಂದಾಗ ಬಾಣಸಿಗನಿಗೆ ಇದನ್ನೆಲ್ಲ ನಾನೇ ಹೇಳಿದೆ. ಅವನು ನಕ್ಕ, ನಕ್ಕು ಕೆಮ್ಮಿದ. ಹಿತ್ತಲ ಶೆಡ್ಡಿನಲ್ಲಿ ಹಡಗಿನ ಕಾಲದ ದೊಡ್ಡ ದೊಡ್ಡ ಪಾತ್ರೆ ತುಂಬಿಟ್ಟಿದ್ದೀನಿ, ನಾಳೆಯೇ ಖಾಲಿ ಮಾಡಿಸ್ತೀನಿ ಅಂತ ಹೇಳಿ ಫೋನು ಇಟ್ಟ.

ಕಾರು ಮಗನ ಗೇಟಿನ ಎದುರು ಹಾಗೇ ನಿಂತಿತ್ತು. ಹೋಗಿ ಬರುವವರೆಲ್ಲ ಇಣುಕಿ ನೋಡಿ ಹೋಗುತ್ತಿದ್ದರಂತೆ. ಒಂದು ನಾಯಿ ಒಳಗೆ ಸೇರಿಕೊಂಡಿತಂತೆ. ಮಗ ಅದನ್ನು ಬೇರೆ ಅಂಗಡಿಗೆ ಒಯ್ದು ಸೀಟು ಹಾಕಿಸಬೇಕು ಅಂತ ಹೊರಟಿದ್ದನಂತೆ, ಪೆಟ್ಟಿಗೆಯ ಮೇಲೆ ಕೂತು ಓಡಿಸಲು ಮಾನ ಅಡ್ಡ ಬಂತಂತೆ. ಇದೆಲ್ಲ ಸೊಸೆ ನನಗೆ ಹೇಳಿದ್ದು. ಅವಳು ಇನ್ನೊಂದು ವಿಷಯವನ್ನೂ ಹೇಳಿದಳು. ಒಂದು ಸಂಜೆ ಅವನು ಕಾರಿನೊಳಗೆ ಹಿಂದೆ, ಸೀಟಿದ್ದ ಜಾಗದಲ್ಲಿ, ತಗಡಿನ ಮೇಲೆ ಕೂತಿದ್ದ, ಊಟಕ್ಕೆ ಕರೆದರೂ ಬರಲಿಲ್ಲ.

ಮಗು ಆಗಿದ್ದಾಗ ಅವನು ಅಲ್ಲೇ ಮಲಗುತ್ತಿದ್ದ. ನಾನು ಅತ್ತಿಗೆಗೆ ಹೇಳಿದೆ. ಅತ್ತಿಗೆ ಮಷಿನಿನ ಮುಂದೆ ಕೂತಿದ್ದವಳು ತುಳಿಯುವುದು ನಿಲ್ಲಿಸಿ, ಮತ್ತೆ ತುಳಿದಳು.

ಭಾನುವಾರ ಅವನು ಅಂಗಡಿಗೆ ಬಂದ. ನಾನು ಎದ್ದು ಹೋಗಬೇಕಿತ್ತೇನೋ, ಹೋಗಲಿಲ್ಲ. ಗೋಡೆಗೆ ಒರಗಿಸಿಟ್ಟ ಸೀಟುಗಳನ್ನು ನೋಡಿದ, ಹಿಂದಿನ ಸೀಟಿನ ಮೇಲೆ ಕೈಯಾಡಿಸಿದ.

"ಅಪ್ಪ ಅಂದ್ರೆ ನನಗೆ ಇದೇ ಕಣಮ್ಮ. ಮನೇಲಿ ಅವರು ಯಾವಾಗ್ಲೂ ಸುಸ್ತಾಗಿರ್ತಿದ್ರು. ಇದರಲ್ಲಿ ಕೂತಾಗ ಮಾತ್ರ ಹಾಡ್ತಿದ್ರು."

"ಹೌದು," ಅಂದಳು ಅತ್ತಿಗೆ. "ಚೆನ್ನಾಗಿ ಹಾಡ್ತಿದ್ರು."

"ಹಾಗಾದ್ರೆ ಬಿಟ್ಟು ಹೋಗು."

ಅತ್ತಿಗೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ನಿಮ್ಮಪ್ಪನ ನೆನಪಿಗೆ ತಗೊಂಡು ಹೋಗ್ತೀನಿ ಅಂತ ಒಂದು ಮಾತು ಹೇಳಿದ್ರೆ ನೀನು ಇವತ್ತೇ ಸಹಿ ಹಾಕ್ತೀಯಾ, ನನಗೆ ಗೊತ್ತು. ಆ ಸುಳ್ಳು ಹೇಳಲ್ಲ. ನನಗೆ ಅವರ ನೆನಪಿಗೆ ಕಾರು ಬೇಕಾಗಿಲ್ಲ. ಜೀವನವೆಲ್ಲಾ ಬೇರೆಯವರು ಕೂರೋಕೆ ಸೀಟು ಹೊಲಿದೆ. ಯಾರೂ ಕೇಳದೆ, ಯಾರೂ ಅವಸರ ಮಾಡದೆ, ನನಗೆ ಬೇಕು ಅಂತ ನಾನು ಮಾಡಿದ್ದು ಇದೊಂದೇ. ಇದನ್ನ ಬಿಟ್ಟು ಹೋದ್ರೆ ಅಲ್ಲಿಗೆ ಹೋಗೋದು ಯಾರೋ ಒಬ್ಬರ ಹೆಂಡತಿ. ನಾನು ಹೋಗಬೇಕು ಅಲ್ಲಿಗೆ."

ಅವನು ಅವಳನ್ನೇ ನೋಡಿದ. ನನ್ನ ಕಡೆ ತಿರುಗಿ, ನೀವಾದ್ರೂ ಹೇಳಿ ಅತ್ತೆ ಅಂದ. ನಿಮ್ಮಪ್ಪ ಯಾವತ್ತಾದರೂ ಅದರ ಚಕ್ರ ಬದಲಾಯಿಸಿದ್ದು ನೋಡಿದ್ದೀಯಾ ಅಂತಷ್ಟೇ ಕೇಳಿದೆ. ಅವನ ತುಟಿಯ ಒಂದು ಕೊನೆ ತನಗೇ ಗೊತ್ತಿಲ್ಲದೆ ಮೇಲಕ್ಕೆ ಹೋಯಿತು, ಕೂಡಲೇ ಇಳಿಯಿತು. ಹಾಗೇ ಹೊರಟುಹೋದ.

ಆ ವಾರವೇ ಸೊಸೆ ಬಂದಳು, ತಾನೇ ಕಾರು ಓಡಿಸಿಕೊಂಡು, ಪೆಟ್ಟಿಗೆಯ ಮೇಲೆ ಕೂತು, ದುಪಟ್ಟಾ ಸೊಂಟಕ್ಕೆ ಬಿಗಿದು. ಸಹಿ ಹಾಕಿದ ಕಾಗದ ಕೊಟ್ಟಳು. ಅವರು ಬರಲ್ಲ ಅಂದರು, ಕಳಿಸೋಕೂ ಬರಲ್ವಂತೆ ಅಂದಳು. ಅತ್ತಿಗೆ ಒಳಗೆ ಹತ್ತಿ ನೋಡಿದರೆ ಗೇರಿನ ಕೋಲಿನ ತುದಿಯಲ್ಲಿದ್ದ ಮರದ ಗುಬಟು ಇರಲಿಲ್ಲ. ಅಣ್ಣನ ಅಂಗೈ ತಾಗಿ ತಾಗಿ ನುಣುಪಾಗಿದ್ದ ಗುಬಟು. ಮಗ ತಿರುಗಿಸಿ ತೆಗೆದಿಟ್ಟುಕೊಂಡಿದ್ದ.

"ಅದಕ್ಕೂ ನಂಬರ್ ಇರಲಿಲ್ಲ," ಅಂದೆ ನಾನು.

"ಇರಲಿ," ಅಂದಳು ಅತ್ತಿಗೆ. ಕೋಲಿನ ತುದಿಗೆ ಚರ್ಮದ ಒಂದು ಉಂಡೆ ಹೊಲಿದು ಹಾಕಿದಳು.

ಮತ್ತೆ ಎಲ್ಲವನ್ನೂ ಕೂರಿಸಿದೆವು. ಮೆಕ್ಯಾನಿಕ್ ಬಂದು ಬ್ರೇಕಿನ ಹಳೇ ಪ್ಯಾಡುಗಳನ್ನು ಬದಲಾಯಿಸಿದ. ಹಳೇ ಕಾಲದ ಪ್ಯಾಡಿನಲ್ಲಿ ಕಲ್ನಾರು ಇರುತ್ತೆ, ಅದು ಆರೋಗ್ಯಕ್ಕೆ ಕೆಟ್ಟದ್ದು, ಆ ದೇಶದವರು ಒಳಗೆ ಬಿಡುವುದಿಲ್ಲವಂತೆ. ಮಣ್ಣು, ಬೀಜ, ಹುಲ್ಲಿನ ಎಸಳು ಕೂಡ ಅಂಟಿರಬಾರದಂತೆ. ಅತ್ತಿಗೆ ಕಾರಿನ ಅಡಿ ಅಂಗಾತ ಮಲಗಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಳು.

ಬಂದರಿನ ಅಂಗಳಕ್ಕೆ ನಾವಿಬ್ಬರೇ ಹೋದದ್ದು. ಕಿಟಕಿಯ ಹಿಂದಿದ್ದ ಗುಮಾಸ್ತ ಅತ್ತಿಗೆಯ ಭುಜದ ಮೇಲಿಂದ ಹಿಂದೆ ನೋಡಿ, ಮಾಲೀಕರು ಬಂದಿಲ್ವಾ ಅಂದ. ಎದುರಿಗೇ ನಿಂತಿದ್ದೀನಿ, ಕನ್ನಡಕ ಬೇಕಾದರೆ ನಂದು ಕೊಡ್ತೀನಿ ಅಂದಳು. ಪೆಟ್ರೋಲು ಸ್ವಲ್ಪವೇ ಉಳಿಸಿ, ಬ್ಯಾಟರಿ ತಂತಿ ಬಿಚ್ಚಿ, ಕಂಟೇನರಿನ ಒಳಗೆ ತಳ್ಳಿ ನಿಲ್ಲಿಸಿದರು. ಆಳುಗಳು ಬಂಪರಿಗೆ ಪಟ್ಟಿ ಹಾಕಿ ಬಿಗಿಯಲು ಹೋದರು. ಅತ್ತಿಗೆ ಅಡ್ಡ ನಿಂತು ಚಕ್ರಕ್ಕೇ ಹಾಕಿಸಿದಳು. ಆಮೇಲೆ ತಾನು ವಾರವಿಡೀ ಕೂತು ಹೊಲಿದಿದ್ದ, ಒಳಗೆ ಮೆತ್ತನೆ ಬಟ್ಟೆ ಕೊಟ್ಟ ದೊಡ್ಡ ಮುಸುಕನ್ನು ಹೊರಗೆ ತೆಗೆದಳು. ಅದು ಬೇಡ ಅಂದ ಮೇಲ್ವಿಚಾರಕ. ಹಡಗು ಅಲುಗಾಡಿದಷ್ಟೂ ಮುಸುಕು ಉಜ್ಜಿ ಬಣ್ಣ ಕಿತ್ತುಬರುತ್ತೆ, ಒಳಗೆ ತೇವವೂ ನಿಲ್ಲುತ್ತೆ ಅಂದ. ಅತ್ತಿಗೆ ಯೋಚಿಸಿದಳು, ಮುಸುಕು ಮಡಚಿ ನನ್ನ ಕೈಗೆ ಕೊಟ್ಟು, ಸರಿ ಅಂದಳು. ಅಷ್ಟು ದಿನದಲ್ಲಿ ಅವಳು ಇನ್ನೊಬ್ಬರ ಮಾತು ಒಪ್ಪಿದ್ದು ಅದೊಂದೇ ಸಲ.

ಕಬ್ಬಿಣದ ಬಾಗಿಲು ಮುಚ್ಚಿದಾಗ ಅವಳ ಕಣ್ಣು ಒದ್ದೆಯಾಗುತ್ತೆ ಅಂದುಕೊಂಡಿದ್ದೆ. ಅವಳು ಚಿಲಕ ಎಳೆದು ನೋಡಿದಳು, ಸರಿಯಾಗಿ ಬಿದ್ದಿದೆಯಾ ಅಂತ. ಕಣ್ಣೀರು ಬಂದದ್ದು ನನಗೆ. ಕಾರಿಗಲ್ಲ. ಮುಂದಿನ ವಾರ ಅವಳೂ ಹೋಗುತ್ತಾಳೆ ಅಂತ.

ಹೋದಳು. ಮಗ ವಿಮಾನ ನಿಲ್ದಾಣಕ್ಕೆ ಬಂದ, ಸೂಟ್‌ಕೇಸು ಎತ್ತಿಕೊಟ್ಟ, ಕಾರಿನ ಮಾತು ಎತ್ತಲಿಲ್ಲ. ಅಲ್ಲಿ ಸರ್ಕಾರಿ ಕಚೇರಿಯಲ್ಲಿ ಇಬ್ಬರು ಸಾಕ್ಷಿಗಳ ಎದುರು ಮದುವೆಯಾಯಿತು. ಕಪ್ಪೆ ತಲುಪಿದ್ದು ಅದಾಗಿ ತುಂಬಾ ದಿನದ ಮೇಲೆ. ಬಾಗಿಲು ತೆಗೆದರೆ ಒಂದು ಕಣ್ಣಿನ ಗಾಜು ಒಡೆದಿತ್ತು, ಹುಡ್ ಮೇಲೆ ಬೂಷ್ಟು ಕಟ್ಟಿತ್ತು, ಬ್ಯಾಟರಿ ಸತ್ತಿತ್ತು. ತಪಾಸಣೆ ಮುಗಿಸಿ ದೀಪ ಬದಲಾಯಿಸಿ ರಸ್ತೆಗೆ ಇಳಿಸಬಹುದು ಅನ್ನುವಷ್ಟರಲ್ಲಿ ಚಳಿಗಾಲ ಕಾಲಿಟ್ಟಿತ್ತು. ಲಾರಿಯಲ್ಲಿ ಹಾಕಿಸಿಕೊಂಡು ಹೋಗೋಣ ಅಂದನಂತೆ ಬಾಣಸಿಗ. ಲಾರಿ ಬೆನ್ನೇರೋಕೆ ಇದು ಸಮುದ್ರ ದಾಟಿ ಬಂದಿಲ್ಲ ಅಂದಳಂತೆ ಅತ್ತಿಗೆ. ಬೂಷ್ಟು ತೊಳೆದ ಹುಡ್ ಇನ್ನೂ ಒದ್ದೆಯಿದ್ದರೂ ಮಡಚಿ ಹಿಂದಕ್ಕೆ ಹಾಕಿ, ಕಡಲ ದಂಡೆಯ ರಸ್ತೆಯಲ್ಲಿ, ಕಿವಿ ಕೊರೆಯುವ ಗಾಳಿಯಲ್ಲಿ ಮನೆವರೆಗೂ ಓಡಿಸಿದಳು. ಬಾಣಸಿಗ ಪಕ್ಕದಲ್ಲಿ ಕಂಬಳಿ ಹೊದ್ದು, ಮೂಗು ಮಾತ್ರ ಹೊರಗಿಟ್ಟು ಕೂತಿದ್ದನಂತೆ. ಮಾರನೆಯ ದಿನ ನನಗೆ ಫೋನ್ ಮಾಡಿ, ನಿಮ್ಮ ಅತ್ತಿಗೆ ನನ್ನನ್ನ ಮದುವೆಯಾಗಿದ್ದು ಹಿಂದಿನಿಂದ ತಳ್ಳೋಕೆ ಒಬ್ಬ ಬೇಕು ಅಂತ ಅಂದ. ಅವನಿಗೆ ಜ್ವರ ಬಂದಿತ್ತು. ದನಿಯಲ್ಲಿ ದೂರು ಇರಲಿಲ್ಲ.

ಇಲ್ಲಿ ಅಂಗಡಿ ಈಗ ಸೊಸೆ ನೋಡಿಕೊಳ್ಳುತ್ತಾಳೆ, ನಾನು ಪಕ್ಕದಲ್ಲಿ ಕೂತಿರುತ್ತೇನೆ. ಮಗ ಅಮ್ಮನಿಗೆ ತಾನಾಗಿ ಫೋನ್ ಮಾಡುತ್ತಿರಲಿಲ್ಲ, ಅವಳು ಮಾಡಿದರೆ ಚೆನ್ನಾಗಿದ್ದೀನಿ ಅಂದು ಮಕ್ಕಳ ಕೈಗೆ ಕೊಡುತ್ತಿದ್ದ. ಒಂದು ಮಧ್ಯಾಹ್ನ ಹೆಂಡತಿಗೆ ಏನೋ ಕೊಡಲು ಬಂದವನು ನನ್ನ ಹತ್ತಿರ ನಿಂತು, ಕತ್ತರಿ ಎತ್ತಿ ನೋಡಿ ಕೆಳಗಿಟ್ಟು, ಅದಕ್ಕೆ ಅಡಿಯಲ್ಲಿ ತುಕ್ಕು ಏನಾದ್ರೂ ಹಿಡಿದಿದೆಯಂತಾ ಅಂತ ಕೇಳಿದ. ನಾನು ಉತ್ತರ ಹೇಳಬಹುದಿತ್ತು. ಹೇಳಲಿಲ್ಲ. ನಂಬರ್ ಒತ್ತಿ ಫೋನನ್ನು ಅವನ ಕೈಗೆ ಕೊಟ್ಟೆ, ನನ್ನ ಹಳೇ ಕೆಲಸವೇ ಅಲ್ಲವಾ ಅದು.

ಅವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಮಾತಾಡಿದ. ಚಳಿಗೆ ಯಾವ ಎಣ್ಣೆ ಹಾಕ್ತಿದ್ದೀಯಾ ಅಂತ ಕೇಳುವುದು ಕೇಳಿಸಿತು. ಆಮೇಲೆ ದನಿ ಏರಿತು. ಒದ್ದೆ ಹುಡ್ ಮಡಚಿ ಇಡಬಾರದು, ಹೊಲಿಗೆ ಕೊಳೆಯುತ್ತೆ ಅಂತ ಅವನು, ಅತ್ತ ಕಡೆಯಿಂದ ಅವಳು ಏನಂದಳೋ, ನಿನಗೇನು ಗೊತ್ತು ಅಂದಿರಬೇಕು, ಅವನು ಇನ್ನೂ ಗಟ್ಟಿಯಾಗಿ, ನನಗೂ ಗೊತ್ತಮ್ಮ, ನಾನೂ ಅದೇ ಕಾರಲ್ಲಿ ಬೆಳೆದವನು ಅಂದ. ಸೊಸೆ ಮಷಿನ್ ನಿಲ್ಲಿಸಿ ನನ್ನ ಮುಖ ನೋಡಿದಳು. ನಡೀಲಿ ಬಿಡು ಅಂತ ಕೈಸನ್ನೆ ಮಾಡಿದೆ. ತಾಯಿ ಮಗ ಇಬ್ಬರೂ ಸೋಲುವವರಲ್ಲ. ಫೋನ್ ವಾಪಸು ಬರುವ ಹೊತ್ತಿಗೆ ಬಿಸಿಯಾಗಿತ್ತು.